ತುಟಿ ಹೊಲಿದರೆ ಮುಗಿಯಲಿಲ್ಲ: ಸೀಳುತುಟಿ, ಸೀಳು ಅಂಗುಳ ಮತ್ತು ಬೆಳೆಯುವ ದವಡೆ

ಓದುವ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಎರಡು ಬೆರಳಿನಿಂದ ಮೂಗು ಬಿಗಿಯಾಗಿ ಹಿಡಿದು 'ಪಾಪ', 'ಕಾಕಾ', 'ತಾತ' ಎನ್ನಿ. ಮೂರೂ ಸರಿಯಾಗಿ ಬರುತ್ತವೆ. ಈಗ ಮೂಗು ಹಿಡಿದುಕೊಂಡೇ 'ಮಾಮಾ', 'ನಾನಿ' ಎನ್ನಿ. ಮಾಮಾ 'ಬಾಬಾ' ಆಗುತ್ತಾನೆ, ನಾನಿ 'ದಾದಿ' ಆಗುತ್ತಾಳೆ!

ಕಾರಣ ನಮ್ಮ ವರ್ಣಮಾಲೆಯಲ್ಲೇ ಇದೆ. ಕ, ಚ, ಟ, ತ, ಪ ವರ್ಗಗಳ ಮೊದಲ ನಾಲ್ಕು ಅಕ್ಷರಗಳಿಗೆ ಗಾಳಿ ಬಾಯಿಂದಲೇ ಹೊರಬರಬೇಕು. ಐದನೆಯವಾದ ಙ, ಞ, ಣ, ನ, ಮ ಅಕ್ಷರಗಳಿಗೆ ಮಾತ್ರ ಗಾಳಿ ಮೂಗಿನಿಂದ ಬರಬೇಕು. ಗಾಳಿ ಎತ್ತ ಹೋಗಬೇಕೆಂದು ತೀರ್ಮಾನಿಸುವ ಬಾಗಿಲು ನಮ್ಮ ಬಾಯಿಯೊಳಗಿದೆ. ಕನ್ನಡಿ ಮುಂದೆ ಬಾಯಿ ತೆರೆದು 'ಆ' ಎನ್ನಿ. ಕಿರುನಾಲಗೆಯ ಜೊತೆಗೆ ಹಿಂದಿನ ಮೆತ್ತನೆಯ ಭಾಗ ಮೇಲೇಳುವುದು ಕಾಣುತ್ತದೆ. ಅದೇ ಮೆದು ಅಂಗುಳ. ಅದು ಮೇಲೆದ್ದು ಗಂಟಲ ಹಿಂಗೋಡೆಗೆ ತಾಗಿದರೆ ಮೂಗಿನ ದಾರಿ ಮುಚ್ಚಿತು, ಕೆಳಗಿಳಿದರೆ ತೆರೆಯಿತು.

ಕೆಲವು ಮಕ್ಕಳು ಈ ಬಾಗಿಲು ಎರಡು ಹೋಳಾಗಿರುವಂತೆಯೇ ಹುಟ್ಟುತ್ತಾರೆ. ಕೆಲವರಿಗೆ ಮೇಲಿನ ತುಟಿ ಸೀಳಿರುತ್ತದೆ, ಕೆಲವರಿಗೆ ಅಂಗುಳ ಮಾತ್ರ, ಇನ್ನು ಕೆಲವರಿಗೆ ತುಟಿ, ವಸಡು, ಅಂಗುಳ ಮೂರೂ. ಜಗತ್ತಿನಲ್ಲಿ ಹುಟ್ಟುವ ಸುಮಾರು 700 ಮಕ್ಕಳಲ್ಲಿ ಒಂದು ಮಗುವಿಗೆ ಹೀಗಾಗುತ್ತದೆ. ಅಂದಮೇಲೆ ನಮ್ಮ ಬಂಕಾಪುರ, ಶಿಗ್ಗಾಂವಿ, ಸವಣೂರು, ಹಾನಗಲ್ಲ ಕಡೆಯ ಯಾವ ಊರಿಗೂ ಇದು ಹೊಸದಲ್ಲ. ಇದಕ್ಕೆ ಚಿಕಿತ್ಸೆ ಇದೆ ಎಂಬುದೂ ಈಗ ಬಹಳಷ್ಟು ಜನರಿಗೆ ಗೊತ್ತು. ಗೊತ್ತಿಲ್ಲದಿರುವುದು ಒಂದೇ: ಈ ಚಿಕಿತ್ಸೆ ಒಂದು ದಿನದ ಆಪರೇಷನ್ ಅಲ್ಲ. ಅದು ಹುಟ್ಟಿದ ದಿನ ಶುರುವಾಗಿ ನಮ್ಮ ಪಿಯುಸಿ ವಯಸ್ಸಿನವರೆಗೂ ನಡೆಯುವ ಕೆಲಸ. ಏಕೆಂದರೆ ತುಟಿಯನ್ನು ಒಂದು ತಾಸಿನಲ್ಲಿ ಹೊಲಿಯಬಹುದು. ದವಡೆ ಬೆಳೆಯಲು ಹದಿನೆಂಟು ವರ್ಷ ಬೇಕು.

ಎರಡನೆಯ ತಿಂಗಳಿನ ಕೆಲಸ

ಗರ್ಭದಲ್ಲಿ ಮೊದಲ ತಿಂಗಳ ಕೊನೆಗೆ ಹೃದಯ, ಎರಡನೆಯ ತಿಂಗಳ ಕೊನೆಗೆ ಕೈಕಾಲು ಬೆರಳು ಮೂಡುತ್ತವೆ ಎಂದು ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಓದುತ್ತೇವೆ. ಅದೇ ಎರಡನೆಯ ತಿಂಗಳಿನಲ್ಲಿ ಮುಖವೂ ಕೂಡಿಕೊಳ್ಳುತ್ತದೆ.

ನಮ್ಮ ಮುಖ ಒಂದೇ ತುಂಡಾಗಿ ಮೂಡುವುದಿಲ್ಲ. ಹಣೆಯ ಕಡೆಯಿಂದ ನಡುವೆ ಇಳಿದುಬರುವ ಉಬ್ಬು ಮತ್ತು ಎರಡೂ ಕೆನ್ನೆಗಳ ಕಡೆಯಿಂದ ಬರುವ ಉಬ್ಬುಗಳು ಒಂದನ್ನೊಂದು ಸೇರಿ ಬೆಸೆದುಕೊಳ್ಳುತ್ತವೆ. ಆರು, ಏಳನೆಯ ವಾರದ ಹೊತ್ತಿಗೆ ಮೇಲ್ದುಟಿ ಮತ್ತು ವಸಡಿನ ಮುಂಭಾಗ ಕೂಡುತ್ತವೆ. ಅಂಗುಳದ ಕೆಲಸ ಆಮೇಲೆ. ಆಗ ಎರಡು ಹಲಗೆಗಳಂಥ ಭಾಗಗಳು ನಾಲಗೆಯ ಎರಡು ಪಕ್ಕದಲ್ಲಿ ಕೆಳಮುಖವಾಗಿ ಇರುತ್ತವೆ. ನಾಲಗೆ ಕೆಳಗಿಳಿದಾಗ ಅವು ಮೇಲೆದ್ದು ಅಡ್ಡವಾಗಿ ನಿಂತು ನಡುವೆ ಬೆಸೆಯುತ್ತವೆ. ಈ ಬೆಸುಗೆ ಮುಂದಿನಿಂದ ಹಿಂದಕ್ಕೆ ಸಾಗಿ ಹನ್ನೆರಡನೆಯ ವಾರದ ಹೊತ್ತಿಗೆ ಕಿರುನಾಲಗೆಯಲ್ಲಿ ಮುಗಿಯುತ್ತದೆ.

ಇದರಲ್ಲಿ ಯಾವುದಾದರೂ ಒಂದು ಬೆಸುಗೆ ತಪ್ಪಿದರೆ ಸೀಳು ಉಳಿಯುತ್ತದೆ. ಗಮನಿಸಬೇಕಾದ ಮಾತೆಂದರೆ, ಸೀಳು ಎಂದರೆ ಏನೋ ಹರಿದುಹೋದದ್ದಲ್ಲ. ಕೂಡಬೇಕಾದದ್ದು ಕೂಡದೆ ಉಳಿದದ್ದು. ತಾನು ಗರ್ಭಿಣಿ ಎಂದು ತಾಯಿಗೆ ಖಚಿತವಾಗುವ ಹೊತ್ತಿಗೇ ತುಟಿಯ ಕೆಲಸ ಬಹುಪಾಲು ಮುಗಿದಿರುತ್ತದೆ.

ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ

ಗ್ರಹಣದ ದಿನ ಬಸುರಿ ಹೆಂಗಸು ಈಳಿಗೆ, ಚಾಕು, ಕತ್ತರಿ ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಲ್ಲೂ ಇದೆ. ಈ ನಂಬಿಕೆಯ ಭಾರವೆಲ್ಲ ಬೀಳುವುದು ತಾಯಿಯ ಮೇಲೆ. ಮಗುವಿಗೆ ಹಾಲು ಕುಡಿಸಲು ಒದ್ದಾಡುತ್ತಿರುವವಳಿಗೆ 'ಗ್ರಹಣದ ದಿನ ಏನು ಹೆಚ್ಚಿದೆ?' ಎಂದು ಕೇಳುವುದು ಗಾಯದ ಮೇಲೆ ಬರೆ ಎಳೆದಂತೆ.

ಪ್ರವಾದಿ ಮುಹಮ್ಮದ್ (ಸ) ಅವರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೂ ಗ್ರಹಣಕ್ಕೂ ಜನ ಸಂಬಂಧ ಕಟ್ಟಿದಾಗ, ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ತಿಳಿಸಿದ ವಿಷಯ ಹದೀಸ್‌ಗಳಲ್ಲಿದೆ. ವಿಜ್ಞಾನ ಹೇಳುವುದೂ ಇದನ್ನೇ. ಗ್ರಹಣದ ನೆರಳು ಸಾವಿರಾರು ಬಸುರಿಯರ ಮೇಲೆ ಬೀಳುತ್ತದೆ. ಸೀಳುತುಟಿಯ ಮಕ್ಕಳು ಗ್ರಹಣ ಕಾಣದ ಕಡೆಗಳಲ್ಲೂ ಹುಟ್ಟುತ್ತಾರೆ.

ಹಾಗಾದರೆ ಕಾರಣವೇನು? ಹೆಚ್ಚಿನ ಮಕ್ಕಳಲ್ಲಿ ಒಂದೇ ಕಾರಣ ತೋರಿಸಲು ಬರುವುದಿಲ್ಲ. ಹಲವು ಜೀನ್‌ಗಳು ಮತ್ತು ಸುತ್ತಲಿನ ಹಲವು ಸಂಗತಿಗಳು ಸೇರಿ ಹೀಗಾಗುತ್ತದೆ. ಬೀಡಿ, ಸಿಗರೇಟಿನ ಹೊಗೆ, ಮದ್ಯ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಗಳು ಅಪಾಯವನ್ನು ಹೆಚ್ಚಿಸುತ್ತವೆ. ಮೂರ್ಛೆರೋಗದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು, ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕೇಳಿ ಬದಲಾಯಿಸಿಕೊಳ್ಳಬೇಕು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಸಾಧ್ಯತೆ ಸ್ವಲ್ಪ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಸೋದರಮಾವನ ಜೊತೆಗಾಗಲಿ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳ ನಡುವೆಯಾಗಲಿ ಮದುವೆ ಮಾಡುವ ರೂಢಿ ನಮ್ಮ ಭಾಗದ ಹಲವು ಸಮುದಾಯಗಳಲ್ಲಿರುವುದರಿಂದ ಇದು ಎಲ್ಲರೂ ತಿಳಿದಿರಬೇಕಾದ ಮಾತು. ಆದರೂ ಇವ್ಯಾವುವೂ ಇಲ್ಲದ ಮನೆಯಲ್ಲೂ ಸೀಳುತುಟಿಯ ಮಗು ಹುಟ್ಟಬಹುದು. ತಾಯಿ ಮಾಡಿದ ತಪ್ಪು ಅದು ಅಲ್ಲ.

ಮೊದಲ ಚಿಕಿತ್ಸೆ ಹಾಲು

ಮಗು ಹುಟ್ಟಿದ ದಿನ ಬೇಕಾಗಿರುವುದು ಆಪರೇಷನ್ ಅಲ್ಲ, ಹೊಟ್ಟೆತುಂಬ ಹಾಲು. ತುಟಿ ಮಾತ್ರ ಸೀಳಿದ್ದರೆ ಮಗು ಸಾಮಾನ್ಯವಾಗಿ ತಾಯಿಯ ಮೊಲೆ ಹಾಲನ್ನೇ ಕುಡಿಯಬಲ್ಲದು. ಅಂಗುಳ ಸೀಳಿದ್ದರೆ ಕಷ್ಟ. ಸ್ಟ್ರಾದಲ್ಲಿ ತೂತಿದ್ದರೆ ಎಳನೀರು ಎಳೆಯಲು ಬರುವುದಿಲ್ಲವಲ್ಲ, ಹಾಗೆಯೇ ಬಾಯಿಗೂ ಮೂಗಿಗೂ ನಡುವೆ ತೆರೆದ ದಾರಿ ಇದ್ದಾಗ ಹೀರುವ ಬಲ ಬರುವುದಿಲ್ಲ. ಮಗು ತಾಸುಗಟ್ಟಲೆ ಚೀಪುತ್ತದೆ, ದಣಿದು ಮಲಗುತ್ತದೆ, ಹೊಟ್ಟೆ ಮಾತ್ರ ತುಂಬಿರುವುದಿಲ್ಲ.

ಉಪಾಯ ಸರಳ. ತಾಯಿಯ ಹಾಲನ್ನೇ ಹಿಂಡಿ ತೆಗೆದು ಚಮಚದಿಂದ, ಒಳಲೆಯಿಂದ ಅಥವಾ ಮೆಲ್ಲಗೆ ಅದುಮುವ ಮೆತ್ತನೆಯ ಬಾಟಲಿಯಿಂದ ಕುಡಿಸಬೇಕು. ಮಗುವನ್ನು ಅಡ್ಡ ಮಲಗಿಸಬಾರದು. ತಲೆ, ಎದೆ ಎತ್ತರದಲ್ಲಿರುವಂತೆ ಹಿಡಿಯಬೇಕು. ನಡುನಡುವೆ ಬೆನ್ನು ತಟ್ಟಿ ತೇಗಿಸಬೇಕು. ಮೂಗಿನಿಂದ ಸ್ವಲ್ಪ ಹಾಲು ಬಂದರೆ ಗಾಬರಿ ಬೇಡ. ಆದರೆ ಕೆಮ್ಮು, ಮೈ ನೀಲಿಯಾಗುವುದು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ವಾರಕ್ಕೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಬೇಕು.

ತೂಕಕ್ಕೇಕೆ ಇಷ್ಟು ಮಹತ್ವ? ಆಪರೇಷನ್ನಿನ ದಿನವನ್ನು ಕ್ಯಾಲೆಂಡರಿನಷ್ಟೇ ತಕ್ಕಡಿಯೂ ತೀರ್ಮಾನಿಸುತ್ತದೆ. ತುಟಿಯ ಆಪರೇಷನ್ನಿಗೆ ವೈದ್ಯರು ಹಿಂದಿನಿಂದ ಬಳಸುವ 'ಹತ್ತರ ಸೂತ್ರ' ಹೀಗಿದೆ: ಮಗುವಿಗೆ ಕನಿಷ್ಠ 10 ವಾರ ವಯಸ್ಸು, 10 ಪೌಂಡ್ ಅಂದರೆ ಸುಮಾರು 4.5 ಕಿಲೋ ತೂಕ, ರಕ್ತದಲ್ಲಿ 10 ಗ್ರಾಂ ಹಿಮೋಗ್ಲೋಬಿನ್. ತೂಕ ಬರದ ಮಗುವಿಗೆ ಅರಿವಳಿಕೆ ಕೊಡುವುದು ಅಪಾಯ. ದೂರದ ಆಸ್ಪತ್ರೆಗೆ ಹೋಗಿ ತೂಕ ಸಾಲದೆಂದು ಬರಿಗೈಯಲ್ಲಿ ಮರಳುವ ಮನೆಯವರು, ಇನ್ನೊಮ್ಮೆ ಹೋಗಲು ಮನಸ್ಸು ಮಾಡದೆ ಉಳಿಯುವುದೂ ಉಂಟು.

ತುಟಿ ಮೊದಲು, ಅಂಗುಳ ಆಮೇಲೆ

ಎಲ್ಲ ಸರಿಯಿದ್ದರೆ ಮೂರರಿಂದ ಆರು ತಿಂಗಳ ನಡುವೆ ತುಟಿಯ ಆಪರೇಷನ್ ಆಗುತ್ತದೆ. ಇಲ್ಲಿ ಚರ್ಮವನ್ನಷ್ಟೇ ಹೊಲಿಯುವುದಿಲ್ಲ. ಬಾಯಿಯ ಸುತ್ತ ಉಂಗುರದಂತಿರಬೇಕಾದ ಸ್ನಾಯುವನ್ನು ಬಿಡಿಸಿ, ಎರಡೂ ತುದಿಗಳನ್ನು ತಂದು ಕೂಡಿಸುತ್ತಾರೆ. ಅಮೆರಿಕದ ಶಸ್ತ್ರವೈದ್ಯ ರಾಲ್ಫ್ ಮಿಲ್ಲಾರ್ಡ್ 1955ರಲ್ಲಿ ಮಂಡಿಸಿದ ವಿಧಾನವೇ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಇಂದಿಗೂ ಹೆಚ್ಚು ಬಳಕೆಯಲ್ಲಿದೆ.

ಅಂಗುಳದ ಆಪರೇಷನ್ ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ತಿಂಗಳಿಗೆ, ತಡವಾದರೂ ಒಂದೂವರೆ ವರ್ಷದೊಳಗೆ. ಮೆದು ಅಂಗುಳದ ಸ್ನಾಯುಗಳು ಎರಡೂ ಕಡೆಯಿಂದ ಬಂದು ನಡುವೆ ಕೂಡಿ, ಜೋಳಿಗೆಯಂತೆ ಅಂಗುಳವನ್ನು ಮೇಲೆತ್ತಬೇಕು. ಸೀಳಿದ್ದಾಗ ಅವು ನಡುವೆ ಕೂಡದೆ, ಮುಂದಿನ ಎಲುಬಿನ ಅಂಚಿಗೆ ಅಂಟಿಕೊಂಡಿರುತ್ತವೆ. ಅವನ್ನು ಅಲ್ಲಿಂದ ಬಿಡಿಸಿ, ಹಿಂದಕ್ಕೆ ತಿರುಗಿಸಿ, ಜೋಳಿಗೆಯಾಗಿ ಕೂಡಿಸುವುದೇ ಈ ಆಪರೇಷನ್ನಿನ ಮುಖ್ಯ ಕೆಲಸ.

ಒಂದು ವರ್ಷದ ಆಸುಪಾಸಿನಲ್ಲೇ ಏಕೆ? ಮಗು ಮಾತು ಕಲಿಯುವುದು ಆಗಲೇ. ಬಾಗಿಲು ಮುಚ್ಚದ ಮಗು 'ಪ' ಅನ್ನಲು ಹೋದರೆ ಗಾಳಿ ಮೂಗಿನಿಂದ ಸೋರಿ 'ಮ' ಆಗುತ್ತದೆ; 'ತ' ಅನ್ನುವಲ್ಲಿ 'ನ' ಬರುತ್ತದೆ. 'ಕ', 'ಗ'ಗಳನ್ನು ಗಂಟಲಿನಿಂದ ಒತ್ತಿ ಹೊರಡಿಸುವ ಬೇರೊಂದು ರೂಢಿಯನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಆ ರೂಢಿ ಒಮ್ಮೆ ಬೇರೂರಿದರೆ, ಮುಂದೆ ಅಂಗುಳ ಮುಚ್ಚಿದರೂ ಮಾತು ತಾನಾಗಿ ಸರಿಯಾಗುವುದಿಲ್ಲ. ಇದೇ ಸ್ನಾಯುಗಳು ಕಿವಿ ಮತ್ತು ಗಂಟಲಿನ ನಡುವಿನ ನಾಳವನ್ನು ತೆರೆಯಲೂ ನೆರವಾಗುತ್ತವೆ. ಹಾಗಾಗಿ ಇಂಥ ಮಕ್ಕಳ ನಡುಗಿವಿಯಲ್ಲಿ ದ್ರವ ತುಂಬಿ ಕಿವಿ ಮಂದವಾಗುವುದು ಬಹಳ. ಸರಿಯಾಗಿ ಕೇಳದ ಮಗು ಸರಿಯಾಗಿ ಮಾತಾಡುವುದು ಹೇಗೆ? ಕಿವಿ ಪರೀಕ್ಷೆಯೂ ಈ ಚಿಕಿತ್ಸೆಯ ಭಾಗವೇ.

ಹೊಲಿಗೆಗೂ ಒಂದು ಬೆಲೆ ಇದೆ

ಇಷ್ಟು ಓದಿದವರಿಗೆ 'ಹಾಗಾದರೆ ಎಲ್ಲವನ್ನೂ ಎಷ್ಟು ಬೇಗ ಹೊಲಿದರೆ ಅಷ್ಟು ಒಳ್ಳೆಯದಲ್ಲವೆ?' ಎನಿಸಬಹುದು. ಇಲ್ಲಿಯೇ ದವಡೆಯ ಮಾತು ಬರುವುದು.

ಮೇಲ್ದವಡೆ ಮಗುವಿನ ಮುಖದಲ್ಲಿ ಮುಂದಕ್ಕೆ, ಕೆಳಕ್ಕೆ ಮತ್ತು ಅಗಲಕ್ಕೆ ಬೆಳೆಯುತ್ತಾ ಹೋಗುತ್ತದೆ. ಅಂಗುಳ ಮುಚ್ಚುವಾಗ ಎಲುಬಿನ ಮೇಲಿನ ಹೊದಿಕೆಯನ್ನು ಎರಡೂ ಬದಿಯಿಂದ ಎಬ್ಬಿಸಿ ನಡುವಿಗೆ ಸರಿಸಬೇಕಾಗುತ್ತದೆ. ಆಗ ಬದಿಗಳಲ್ಲಿ ಎಲುಬು ಬರಿದಾಗಿ ಉಳಿದರೆ ಅಲ್ಲಿ ಗಾಯ ಮಾಯ್ದು ಕಲೆಗಟ್ಟುತ್ತದೆ. ಕೈಯ ಮೇಲಿನ ಸುಟ್ಟ ಗಾಯದ ಕಲೆ ಚರ್ಮವನ್ನು ಬಿಗಿಯುವುದನ್ನು ನೀವು ನೋಡಿರಬಹುದು. ಅಂಗುಳದ ಕಲೆಯೂ ಹಾಗೆಯೇ ಬಿಗಿಯುತ್ತದೆ, ಹಿಗ್ಗುವುದಿಲ್ಲ. ಎಳೆ ಸೋರೆಕಾಯಿಗೆ ದಾರ ಸುತ್ತಿ ಬಿಟ್ಟರೆ ಕಾಯಿ ಬೆಳೆಯುವುದೇನೋ ನಿಲ್ಲುವುದಿಲ್ಲ, ದಾರವಿದ್ದಲ್ಲಿ ಸೊಂಟ ಮಾತ್ರ ಸಣ್ಣಗಾಗುತ್ತದೆ. ಕಲೆ ಬಿಗಿದ ಮೇಲ್ದವಡೆಯ ಪಾಡೂ ಸುಮಾರಾಗಿ ಅದೇ: ಹಲ್ಲಿನ ಸಾಲು ಕಿರಿದಾಗುತ್ತದೆ, ಮುಂದಕ್ಕೆ ಬರಬೇಕಾದ ದವಡೆ ಹಿಂದೆ ಉಳಿಯುತ್ತದೆ.

ಕೆಳದವಡೆಗೆ ಯಾವ ತಡೆಯೂ ಇಲ್ಲ. ಹದಿಹರೆಯದಲ್ಲಿ ಎಲ್ಲರಂತೆ ಅದು ಸರಸರನೆ ಬೆಳೆಯುತ್ತದೆ. ಹೀಗಾಗಿ ಆರನೆಯ ವಯಸ್ಸಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಮುಖ ಹದಿನೈದರ ಹೊತ್ತಿಗೆ ನಡುವೆ ತಗ್ಗಾಗಿ, ಕೆಳಹಲ್ಲು ಮೇಲಿನ ಹಲ್ಲಿಗಿಂತ ಮುಂದೆ ಬಂದಂತೆ ಕಾಣುತ್ತದೆ. ಆಪರೇಷನ್ ಕೆಟ್ಟಿತೆಂದಾಗಲಿ, ಮನೆಯವರು ಅಲಕ್ಷ್ಯ ಮಾಡಿದರೆಂದಾಗಲಿ ಇದರ ಅರ್ಥವಲ್ಲ. ಮಾತು ಉಳಿಸಿಕೊಳ್ಳಲು ಕೊಟ್ಟ ಬೆಲೆ ಅದು. ತುಟಿ, ಅಂಗುಳ ಎರಡೂ ಪೂರ್ತಿ ಸೀಳಿ ಶಿಶುವಿದ್ದಾಗ ಆಪರೇಷನ್ ಆದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ದೊಡ್ಡವರಾದ ಮೇಲೆ ದವಡೆಯ ಆಪರೇಷನ್ ಬೇಕಾಗುತ್ತದೆ.

ಶ್ರೀಲಂಕಾ ಕಲಿಸಿದ ಪಾಠ

ದವಡೆ ಹಿಂದೆ ಉಳಿಯುವುದು ಸೀಳಿನ ಸಹಜ ಗುಣವೋ, ಆಪರೇಷನ್ನಿನ ಕಲೆಯ ಪರಿಣಾಮವೋ? ಇದನ್ನು ತಿಳಿಯಲು ಆಪರೇಷನ್ನೇ ಆಗದೆ ದೊಡ್ಡವರಾದವರನ್ನು ನೋಡಬೇಕು. ಶ್ರೀಮಂತ ದೇಶಗಳಲ್ಲಿ ಅಂಥವರು ಸಿಗುವುದಿಲ್ಲ, ಬಡತನವಿರುವಲ್ಲಿ ಸಿಗುತ್ತಾರೆ. ಲಂಡನ್ನಿನ ದಂತ ಜೋಡಣೆ ತಜ್ಞ ಮೈಕೇಲ್ ಮಾರ್ಸ್ ಮತ್ತು ಸಂಗಡಿಗರು 1984ರಿಂದ ಶ್ರೀಲಂಕಾದಲ್ಲಿ ಇಂಥ ನೂರಾರು ಜನರಿಗೆ ಚಿಕಿತ್ಸೆ ಕೊಡುತ್ತಾ, ಅವರ ದವಡೆಗಳ ಅಚ್ಚು ಮತ್ತು ಎಕ್ಸ್‌ರೇ ಅಳತೆಗಳನ್ನೂ ತೆಗೆದರು.

ಫಲಿತಾಂಶ ಕಣ್ತೆರೆಸುವಂಥದ್ದು. ಯಾವ ಆಪರೇಷನ್ನೂ ಆಗದವರ ಮೇಲ್ದವಡೆ ಬಹುಮಟ್ಟಿಗೆ ಎಲ್ಲರಂತೆಯೇ ಮುಂದಕ್ಕೆ ಬೆಳೆದಿತ್ತು. ತುಟಿ ಮಾತ್ರ ಹೊಲಿಸಿಕೊಂಡವರದೂ ಹೆಚ್ಚೇನೂ ಹಿಂದೆ ಉಳಿದಿರಲಿಲ್ಲ. ಚಿಕ್ಕಂದಿನಲ್ಲೇ ಅಂಗುಳವನ್ನೂ ಹೊಲಿಸಿಕೊಂಡವರದು ಹಿಂದೆ ಉಳಿದಿತ್ತು. ಅಂದರೆ ಸೀಳಿರುವ ದವಡೆಗೂ ಬೆಳೆಯುವ ಶಕ್ತಿ ಇದೆ; ಅದನ್ನು ತಡೆಯುವುದರಲ್ಲಿ ಅಂಗುಳದ ಕಲೆಯ ಪಾಲು ದೊಡ್ಡದು.

ಹಾಗೆಂದು ಆಪರೇಷನ್ ಮುಂದೂಡಬೇಕೆ? ಅದಕ್ಕೂ ಉತ್ತರ ಅದೇ ಜನರಿಂದ ಸಿಕ್ಕಿತು. ಹದಿಹರೆಯದಲ್ಲಿ ಮೊದಲ ಬಾರಿ ಅಂಗುಳ ಮುಚ್ಚಿಸಿಕೊಂಡವರ ಮಾತನ್ನು ತಂಡದ ವಾಕ್ ತಜ್ಞೆ ಡೆಬ್ಬಿ ಸೆಲ್ ಪರೀಕ್ಷಿಸಿದಾಗ, ಹೆಚ್ಚಿನವರ ಮಾತಿನಲ್ಲಿ ದೊಡ್ಡ ಸುಧಾರಣೆ ಕಾಣಲಿಲ್ಲ. ದವಡೆ ಚೆನ್ನಾಗಿತ್ತು, ಮಾತಿನ ಕಾಲ ಮೀರಿತ್ತು.

ಜರ್ಮನಿಯ ಮಾರ್ಬುರ್ಗ್‌ನಲ್ಲಿ ಶ್ವೆಕೆಂಡೀಕ್ ಎಂಬ ವೈದ್ಯರು ನಡುದಾರಿಯೊಂದನ್ನು ಹಿಡಿದಿದ್ದರು. ಮೆದು ಅಂಗುಳವನ್ನು ಶಿಶುವಿದ್ದಾಗಲೇ ಮುಚ್ಚಿ, ಗಟ್ಟಿ ಅಂಗುಳವನ್ನು ಹನ್ನೆರಡು, ಹದಿಮೂರನೆಯ ವಯಸ್ಸಿನವರೆಗೆ ಹಾಗೇ ಬಿಡುತ್ತಿದ್ದರು. ದವಡೆಗಳು ಚೆನ್ನಾಗಿ ಬೆಳೆದವು. ಆದರೆ ಅಮೆರಿಕದ ತಜ್ಞರು ಆ ರೋಗಿಗಳನ್ನು ಪರೀಕ್ಷಿಸಿ 1984ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಬಹಳ ಜನರ ಮಾತು ಕೆಟ್ಟಿತ್ತು. ಇದಕ್ಕೆ ತಿರುಗುಮುರುಗಾದ ತಪ್ಪೂ ನಡೆದಿದೆ. 1950, 60ರ ದಶಕಗಳಲ್ಲಿ ಹಲವೆಡೆ ಶಿಶುವಿದ್ದಾಗಲೇ ವಸಡಿನ ಸೀಳಿಗೆ ಎಲುಬು ಕಸಿ ಮಾಡುತ್ತಿದ್ದರು. ಮಕ್ಕಳು ದೊಡ್ಡವರಾದಾಗ ದವಡೆ ಕುಗ್ಗಿರುವುದು ಕಂಡು ಬಹುತೇಕ ಕಡೆ ಅದನ್ನು ಕೈಬಿಟ್ಟರು.

ಹಾಗಾದರೆ ಸರಿಯಾದ ಹೊತ್ತು ಯಾವುದು?

ಈ ಪ್ರಶ್ನೆಗೆ ಒಮ್ಮತ ಎಷ್ಟು ಕಷ್ಟವೆಂದರೆ, ಯುರೋಪಿನಲ್ಲಿ ಸಮೀಕ್ಷೆ ಮಾಡಿದಾಗ 201 ತಂಡಗಳು 194 ಬೇರೆ ಬೇರೆ ಕ್ರಮಗಳನ್ನು ಅನುಸರಿಸುತ್ತಿದ್ದವು! ಅಭಿಪ್ರಾಯ ಸಾಲದು, ಪರೀಕ್ಷೆ ಬೇಕೆಂದು ಹೊರಟದ್ದರ ಫಲ 2023ರಲ್ಲಿ ಪ್ರಕಟವಾಯಿತು. ಯುರೋಪ್ ಮತ್ತು ದಕ್ಷಿಣ ಅಮೆರಿಕದ 23 ಕೇಂದ್ರಗಳಲ್ಲಿ, ಅಂಗುಳ ಮಾತ್ರ ಸೀಳಿದ್ದ 558 ಶಿಶುಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 6 ತಿಂಗಳಿಗೆ, ಇನ್ನೊಂದಕ್ಕೆ 12 ತಿಂಗಳಿಗೆ ಆಪರೇಷನ್ ಮಾಡಿದರು. ಐದನೆಯ ವಯಸ್ಸಿನಲ್ಲಿ ಆ 'ಬಾಗಿಲು' ಸರಿಯಾಗಿ ಮುಚ್ಚದ ಮಕ್ಕಳು ಮೊದಲ ಗುಂಪಿನಲ್ಲಿ ನೂರಕ್ಕೆ 8.9, ಎರಡನೆಯದರಲ್ಲಿ 15. ಮಾತಿನ ಮಟ್ಟಿಗೆ ಬೇಗ ಮಾಡಿದ್ದೇ ಮೇಲಾಯಿತು.

ಆದರೆ ಇದನ್ನು ಎಚ್ಚರದಿಂದ ಓದಬೇಕು. ಇವು ಆರೋಗ್ಯವಂತ ಶಿಶುಗಳು, ಶಿಶು ಅರಿವಳಿಕೆಯ ಒಳ್ಳೆಯ ವ್ಯವಸ್ಥೆ ಇದ್ದ ಆಸ್ಪತ್ರೆಗಳು. ತೂಕ ಕಡಿಮೆಯಿರುವ, ರಕ್ತ ಕಡಿಮೆಯಿರುವ ಮಗುವಿಗೆ ಆರು ತಿಂಗಳ ಲೆಕ್ಕ ಹಿಡಿದು ಹಟ ಮಾಡಬಾರದು. ಇನ್ನೊಂದು ಮಾತು: ಐದು ವರ್ಷದ ಮಗುವಿನ ಮಾತನ್ನು ಅಳೆಯಬಹುದು, ದವಡೆಯ ಪೂರ್ತಿ ಲೆಕ್ಕ ಸಿಗುವುದು ಹದಿಹರೆಯ ಮುಗಿದ ಮೇಲೆಯೇ.

ಇಂದು ಬಹುತೇಕ ವೈದ್ಯರು ನಡೆಯುವ ದಾರಿ ಇದು: ಮಾತಿಗಾಗಿ ಅಂಗುಳವನ್ನು ಬೇಗ ಮುಚ್ಚು, ಆದರೆ ಎಲುಬನ್ನು ಆದಷ್ಟು ಕಡಿಮೆ ಬರಿದು ಮಾಡು, ಆಮೇಲೆ ದವಡೆಯನ್ನು ವರ್ಷವರ್ಷವೂ ಕಾಯುತ್ತಿರು. ಆ ಕೊನೆಯ ಭಾಗವೇ ನಮ್ಮಲ್ಲಿ ಬಿಟ್ಟುಹೋಗುವುದು.

ವಯಸ್ಸಿಗೆ ತಕ್ಕ ಮೆಟ್ಟಿಲು

ಹುಟ್ಟಿದಾಗ: ಹಾಲು ಕುಡಿಸುವ ಕ್ರಮ, ತೂಕ, ಬೇರೆ ಅಂಗಗಳ ಪರೀಕ್ಷೆ. ಕೆಲವು ಕೇಂದ್ರಗಳಲ್ಲಿ ತುಟಿ, ಮೂಗಿನ ಆಕಾರ ತಿದ್ದಲು ಮೊದಲ ವಾರಗಳಿಂದ ಅಂಗುಳಕ್ಕೆ ಅಚ್ಚಿನ ತಟ್ಟೆ ಹಾಕುತ್ತಾರೆ. ಇದರಿಂದ ದವಡೆ ಮುಂದೆ ಚೆನ್ನಾಗಿ ಬೆಳೆಯುತ್ತದೆ ಎಂದು ಹಿಂದೆ ನಂಬಿದ್ದರು. ನೆದರ್ಲೆಂಡ್ಸ್‌ನಲ್ಲಿ ಸಾದಾ ತಟ್ಟೆಯನ್ನು ಪರೀಕ್ಷಿಸಿದಾಗ ದವಡೆಗೆ ಉಳಿಯುವಂಥ ಲಾಭ ಕಾಣಲಿಲ್ಲ. ತಟ್ಟೆ ಸಿಗಲಿಲ್ಲವೆಂದು ಮನೆಯವರು ಕೊರಗಬೇಕಿಲ್ಲ.

3 ರಿಂದ 6 ತಿಂಗಳು: ತುಟಿಯ ಆಪರೇಷನ್.

9 ರಿಂದ 12 ತಿಂಗಳು, ತಡವಾದರೆ 18 ತಿಂಗಳೊಳಗೆ: ಅಂಗುಳದ ಆಪರೇಷನ್. ಕಿವಿ ಪರೀಕ್ಷೆ.

2 ರಿಂದ 5 ವರ್ಷ: ಮಾತಿನ ತರಬೇತಿ. ಐದರ ಹೊತ್ತಿಗೂ ಗಾಳಿ ಮೂಗಿನಿಂದ ಸೋರುತ್ತಿದ್ದರೆ ಇನ್ನೊಂದು ಆಪರೇಷನ್ ಬೇಕಾಗಬಹುದು.

7 ರಿಂದ 9 ವರ್ಷ: ಹಲ್ಲಿನ ಸಾಲು ಅಗಲ ಮಾಡುವುದು. ಮೇಲ್ದವಡೆ ಹಿಂದೆ ಉಳಿಯುತ್ತಿದ್ದರೆ ಮುಖಕ್ಕೆ ಹಾಕುವ ಸಾಧನದಿಂದ ಅದನ್ನು ಮೆಲ್ಲಗೆ ಮುಂದಕ್ಕೆ ಎಳೆಯಲು ಒಳ್ಳೆಯ ಹೊತ್ತು ಇದು. ದವಡೆಯ ಮಟ್ಟಿಗೆ 'ಬೇಗನೆಯ ಚಿಕಿತ್ಸೆ' ಎಂದರೆ ಇದೇ.

8 ರಿಂದ 11 ವರ್ಷ: ವಸಡಿನ ಸೀಳಿಗೆ ಎಲುಬು ಕಸಿ. ಸೊಂಟದ ಎಲುಬಿನಿಂದ ತೆಗೆದ ತಿರುಳನ್ನು ಸೀಳಿನಲ್ಲಿ ತುಂಬುತ್ತಾರೆ. ಕೋರೆಹಲ್ಲು ಮೂಡುವ ಮುಂಚೆ ಮಾಡಿದರೆ ಆ ಹಲ್ಲು ಹೊಸ ಎಲುಬಿನೊಳಗಿಂದಲೇ ಇಳಿದುಬಂದು ಅದನ್ನು ಗಟ್ಟಿಗೊಳಿಸುತ್ತದೆ. ಕೋರೆಹಲ್ಲು ಬಂದ ಮೇಲೆ ಮಾಡಿದರೆ ಫಲ ಕಡಿಮೆ.

12 ರಿಂದ 16 ವರ್ಷ: ಹಲ್ಲಿಗೆ ತಂತಿ ಹಾಕಿ ಸಾಲು ಜೋಡಿಸುವುದು.

ಬೆಳವಣಿಗೆ ನಿಂತ ಮೇಲೆ, ಹುಡುಗಿಯರಿಗೆ ಸುಮಾರು 16, ಹುಡುಗರಿಗೆ ಸುಮಾರು 18ರ ನಂತರ: ಬೇಕಾದವರಿಗೆ ದವಡೆಯ ಆಪರೇಷನ್. ಮೇಲ್ದವಡೆಯನ್ನು ಬಿಡಿಸಿ ಮುಂದಕ್ಕೆ ತಂದು ಸಣ್ಣ ಲೋಹದ ಪಟ್ಟಿಗಳಿಂದ ಕೂಡಿಸುತ್ತಾರೆ. ದವಡೆ ಬಹಳ ಹಿಂದಿದ್ದರೆ ತಿರುಪು ಇರುವ ಸಾಧನ ಕೂರಿಸಿ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಸುವ ವಿಧಾನವೂ ಇದೆ. ದವಡೆ ಮುಂದೆ ಬಂದಾಗ ಅಂಗುಳವೂ ಮುಂದೆ ಬರುವುದರಿಂದ ಕೆಲವರ ಮಾತು ಮತ್ತೆ ಮೂಗಿನಿಂದ ಬರಬಹುದು. ಆದ್ದರಿಂದ ಮೊದಲೇ ಮಾತಿನ ಪರೀಕ್ಷೆ ಮಾಡಿಸಬೇಕು. ಮೂಗಿನ ಆಕಾರ ತಿದ್ದುವುದು ಇದರ ನಂತರ.

ಮಿರ್ಜಾಪುರದ ಹಳ್ಳಿಯ ಹುಡುಗಿ ಪಿಂಕಿಯ ಕುರಿತ 'ಸ್ಮೈಲ್ ಪಿಂಕಿ' ಎಂಬ ಕಿರು ಸಾಕ್ಷ್ಯಚಿತ್ರಕ್ಕೆ 2009ರಲ್ಲಿ ಆಸ್ಕರ್ ಬಂತು. ಸೀಳುತುಟಿಗೆ ಚಿಕಿತ್ಸೆ ಇದೆ ಎಂದು ಆ ಚಿತ್ರ ಲಕ್ಷಾಂತರ ಜನರಿಗೆ ತಿಳಿಸಿತು. ಚಿತ್ರವೇನೋ ಮಗುವಿನ ನಗುವಿನಲ್ಲಿ ಮುಗಿಯಬಹುದು. ಚಿಕಿತ್ಸೆ ಅಲ್ಲಿಗೆ ಮುಗಿಯುವುದಿಲ್ಲ.

ನಮ್ಮ ಊರಿನಿಂದ ಎಲ್ಲಿಗೆ?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಸೀಳುತುಟಿ, ಸೀಳು ಅಂಗುಳವೂ ಸೇರಿದೆ. ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನವರಿಗೆ ಇದು ಅನ್ವಯಿಸುತ್ತದೆ. ಆಶಾ ಕಾರ್ಯಕರ್ತೆಯರು ಮನೆಯಲ್ಲಿ ನವಜಾತ ಶಿಶುವನ್ನು ನೋಡುತ್ತಾರೆ, ವೈದ್ಯರ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ, ಅನುದಾನಿತ ಶಾಲೆಗಳಿಗೆ ಬರುತ್ತವೆ. ತೊಂದರೆ ಕಂಡ ಮಕ್ಕಳನ್ನು ಮುಂದಿನ ಚಿಕಿತ್ಸೆಗೆ ಕಳಿಸಿಕೊಡುವುದು ಅವರ ಕೆಲಸ. ಆಶಾ ಕಾರ್ಯಕರ್ತೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವೇ ಮೊದಲ ಬಾಗಿಲು. ಅಲ್ಲಿಂದ ಹಾವೇರಿ ಜಿಲ್ಲಾಸ್ಪತ್ರೆ.

ನಮಗೆ ಹತ್ತಿರದಲ್ಲಿ ಈ ಶಸ್ತ್ರಚಿಕಿತ್ಸೆಗೆಂದೇ ಘಟಕವಿರುವುದು ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ವೈದ್ಯಕೀಯ ಮಹಾವಿದ್ಯಾಲಯದಲ್ಲಿ. ಬಂಕಾಪುರದಿಂದ ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ, ಅಲ್ಲಿಂದ ಧಾರವಾಡದ ಕಡೆಗೆ ಹೋಗುವ ಚಿಗರಿ ಬಸ್ಸು. ಮಂಗಳೂರಿನ ದೇರಳಕಟ್ಟೆಯಲ್ಲೂ, ಬೆಂಗಳೂರಿನಲ್ಲೂ ಇಂಥ ಕೇಂದ್ರಗಳಿವೆ. 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಎಂಬ ಸೇವಾಸಂಸ್ಥೆ ದೇಶದ ಹಲವು ಆಸ್ಪತ್ರೆಗಳ ಮೂಲಕ ಈ ಆಪರೇಷನ್ನುಗಳನ್ನು ಉಚಿತವಾಗಿ ಮಾಡಿಸುತ್ತದೆ. ಮಾತಿನ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದದ್ದು. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಗಮನಿಸಿ: ಪಿಯುಸಿ ನಂತರ ಅಲ್ಲಿ ವಾಕ್ ಶ್ರವಣ ಪದವಿ ಓದಬಹುದು. ಕನ್ನಡವನ್ನೂ, ನಮ್ಮ ಮನೆಗಳ ಉರ್ದುವನ್ನೂ ಬಲ್ಲ ವಾಕ್ ತಜ್ಞರು ಈ ಭಾಗಕ್ಕೆ ಬಹಳ ಬೇಕು. ಮನೆಯ ಭಾಷೆಯಲ್ಲಿ ಕಲಿಸದೆ ಮಗುವಿನ ಮಾತು ತಿದ್ದುವುದು ಕಷ್ಟ.

ನಮ್ಮ ವಯಸ್ಸಿನವರಿಗೆ

ಈ ಲೇಖನ ಹಸುಗೂಸುಗಳ ಬಗ್ಗೆ ಎಂದು ಓದಲು ಶುರುಮಾಡಿದ್ದೀರಿ. ಕೊನೆಯ ಮಾತು ಪಿಯುಸಿ ವಯಸ್ಸಿನವರಿಗೇ. ಚಿಕ್ಕಂದಿನಲ್ಲಿ ತುಟಿ ಹೊಲಿಸಿಕೊಂಡು, 'ಆಪರೇಷನ್ ಆಯಿತಲ್ಲ, ಇನ್ನೇನು' ಎಂದು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತದವರು ನಮ್ಮ ನಡುವೆ, ನಮ್ಮ ಅಕ್ಕಪಕ್ಕದ ಮನೆಗಳಲ್ಲಿ ಇರಬಹುದು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಎದ್ದು ಹೇಳದವರು, ಫೋಟೋ ತೆಗೆಯುವಾಗ ಪಕ್ಕಕ್ಕೆ ಸರಿಯುವವರು, ಮುಖವಿಡೀ ಓಢಣಿಯಲ್ಲೋ ಮಾಸ್ಕಿನಲ್ಲೋ ಮುಚ್ಚಿಕೊಳ್ಳುವವರು. ಅವರಿಗೆ ತಿಳಿಯಬೇಕಾದದ್ದು: ಹಿಂದೆ ಉಳಿದ ದವಡೆ ಹಣೆಬರಹವಲ್ಲ, ಅದಕ್ಕೂ ಚಿಕಿತ್ಸೆ ಇದೆ, ಮತ್ತು ಆ ಚಿಕಿತ್ಸೆಯ ವಯಸ್ಸು ಇದೇ. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷಕ್ಕೆ ಮುಗಿಯುವುದರಿಂದ, ಹದಿನಾರು ಹದಿನೇಳರಲ್ಲಿ ಇರುವವರು ಈ ವರ್ಷವೇ ವಿಚಾರಿಸಬೇಕು. ಹದಿನೆಂಟು ದಾಟಿದವರಿಗೂ ಚಿಕಿತ್ಸೆಯ ಬಾಗಿಲು ಮುಚ್ಚಿಲ್ಲ, ನೆರವಿನ ದಾರಿ ಬೇರೆ ಆಗುತ್ತದೆ ಅಷ್ಟೆ.

ಉಳಿದವರ ಕೆಲಸ ಇನ್ನೂ ಸುಲಭ. 'ಹರಕುತುಟಿ' ಎಂದು ಕರೆಯುವುದನ್ನು ಬಿಡುವುದು. ಒಬ್ಬರನ್ನೊಬ್ಬರು ಕೆಟ್ಟ ಅಡ್ಡಹೆಸರಿನಿಂದ ಕರೆಯಬಾರದೆಂದು ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯ ತಿಳಿಸುತ್ತದೆ. ನಮ್ಮೆಲ್ಲರ ಮನೆಯ ಹಿರಿಯರು ಕಲಿಸಿದ್ದೂ ಅದನ್ನೇ. ನಾಳೆ ನಿಮ್ಮ ಓಣಿಯಲ್ಲಿ ಇಂಥ ಮಗು ಹುಟ್ಟಿದರೆ ಗ್ರಹಣದ ಮಾತು ಎತ್ತುವವರ ನಡುವೆ ನೀವೊಬ್ಬರಾದರೂ ಮೂರು ಮಾತು ಹೇಳಿ: ಚಮಚದಲ್ಲಿ ತಾಯಿಯ ಹಾಲು ಕುಡಿಸಿ, ಆಶಾ ಅಕ್ಕನಿಗೆ ತಿಳಿಸಿ, ತುಟಿ ಹೊಲಿಸಿದ ಮೇಲೂ ಪ್ರತಿವರ್ಷ ತೋರಿಸುತ್ತಾ ಇರಿ.